ಅಯ್ಯ ‘ಸಾಕು’ ಅಂದದ್ದು

ಕೋಳಿಯ ಮೈ ಇಷ್ಟು ಬಿಸಿಯಾಗಿರುತ್ತದೆ ಅನ್ನುವುದು ಸರ್ವಮಂಗಳಮ್ಮನಿಗೆ ಐವತ್ತೆಂಟು ವರ್ಷ ಬದುಕಿದ ಮೇಲೂ ಗೊತ್ತಿರಲಿಲ್ಲ. ಕಣದ ಅಂಚಿನಲ್ಲಿ ಕಾಲು ಚಾಚಿ ಕೂತು, ಹಳೇ ಟವಲಿನಲ್ಲಿ ಸುತ್ತಿದ ಆ ಕೆಂಪು ಕೋಳಿಯನ್ನು ಮಡಿಲಲ್ಲಿ ಹಿಡಿದುಕೊಂಡಿದ್ದಳು. ಟವಲಿನಾಚೆಗೆ ಅದರ ಎಡಗಾಲು ಬಟ್ಟೆ ಒಣಗಿಸುವ ಹಗ್ಗದ ತುದಿಯ ಹಾಗೆ ಜೋಲಾಡುತ್ತಿತ್ತು. ಅದರ ಎದೆ ಬಡಿದುಕೊಳ್ಳುತ್ತಿದ್ದದ್ದು ಅವಳ ಅಂಗೈಗೆ ಗೊತ್ತಾಗುತ್ತಿತ್ತು.

“ನಾನೇನು ಬೇಕೂಂತ ಹೊಡೆದದ್ದಲ್ಲ,” ಅಂದ ಜಯಪ್ಪ. ಈ ಮಾತನ್ನು ಅವನು ಹೇಳುತ್ತಿದ್ದದ್ದು ಮೂರನೇ ಸಲ. “ಹೆದರ್ಸಣ ಅಂತ ಎಸೆದೆ.”

“ಹೆದರ್ಸೋಕೆ ಬಾಯಿರ್ಲಿಲ್ವಾ?”

ಗಂಡ ಎಸೆದಿದ್ದ, ಕಾಫಿ ಕೆದಕುವ ಉದ್ದ ಹಿಡಿಯ ಗೋರುಮಣೆ ಇನ್ನೂ ಕಣದ ನಡುವೆ, ಬಿದ್ದಲ್ಲೇ ಬಿದ್ದಿತ್ತು. ಪ್ರತಿ ವರ್ಷ ಇದೇ ಕತೆ. ಜನವರಿ ಬಂದು ಕಾಫಿಹಣ್ಣು ಒಣಹಾಕಿದ ಕೂಡಲೆ ತೋಟದ ಆಳುಗಳ ಲೈನುಮನೆಗಳ ಕೋಳಿಗಳು ಕಣಕ್ಕೆ ದಾಳಿಯಿಡುತ್ತವೆ. ಅವು ಕಾಫಿ ತಿನ್ನುವುದಿಲ್ಲ ಪಾಪ, ಅಡಿಯ ಹುಳ ಹುಡುಕಿ ಕೆದರುತ್ತವೆ. ಹರಡಿದ ಕಾಫಿ ಚರಂಡಿ ಸೇರುತ್ತದೆ. ಜಯಪ್ಪ ಕೂಗುತ್ತಾನೆ, ಚಪ್ಪಾಳೆ ತಟ್ಟುತ್ತಾನೆ, ಕೈಗೆ ಸಿಕ್ಕಿದ್ದನ್ನು ಬೀಸುತ್ತಾನೆ. ನಲವತ್ತು ವರ್ಷ ಬೀಸಿದ್ದರಲ್ಲಿ ಒಂದೂ ತಾಗಿರಲಿಲ್ಲ. ಇವತ್ತು ತಾಗಿತ್ತು. ತಾಗಿದ್ದೂ ಯಾರ ಕೋಳಿಗೆ, ಜವರಿಯ ಕೋಳಿಗೆ.

ಜವರಿ ಈ ತೋಟಕ್ಕೆ ಬಂದು ಇಪ್ಪತ್ತೆರಡು ವರ್ಷ. ಒಂಟಿ ಹೆಂಗಸು, ಕುಯ್ಲಿಗೂ ಅವಳೇ, ಕಣಕ್ಕೂ ಅವಳೇ. ಮಗಳ ಬಾಣಂತನಕ್ಕೆಂದು ಮೊನ್ನೆಯಷ್ಟೇ ಗೋಣಿಕೊಪ್ಪಲಿಗೆ ಬಸ್ಸು ಹತ್ತಿದ್ದಳು. ಹೊರಡುವಾಗ ಮನೆಯ ಬೀಗದ ಬಗ್ಗೆ ಏನೂ ಹೇಳಲಿಲ್ಲ. “ಅವ್ವಾ, ಚಿನ್ನನ ಮೇಲೆ ಒಸಿ ಕಣ್ಣಿರ್ಲಿ. ಮುಂಗುಸಿ ಕಾಟ,” ಅಂದಿದ್ದಳು, ಅಷ್ಟೆ. ಚಿನ್ನ ಅಂದರೆ ಈ ಕೋಳಿ. ಅಂಗೈಯಷ್ಟಿದ್ದಾಗ ಹದ್ದಿನ ಬಾಯಿಂದ ಬಿಡಿಸಿ ಸೆರಗಿನಲ್ಲಿ ಕಟ್ಟಿಕೊಂಡು ಬೆಳೆಸಿದ್ದು. ಸಂಜೆ ಕೆಲಸ ಬಿಟ್ಟಾಗ ನಾಯಿಯ ಹಾಗೆ ಅವಳ ಹಿಂದೆ ಹೋಗುತ್ತಿತ್ತು. ಸರ್ವಮಂಗಳಮ್ಮ ಸೊಪ್ಪು ಸೋಸುತ್ತಾ ತಲೆಯೆತ್ತದೆ “ಆಯ್ತು ಹೋಗು” ಅಂದಿದ್ದಳು. ಅಂದದ್ದು ಅಂದ ಹಾಗೇ. ಮುಂಗುಸಿಯಿಂದ ಕಾಯಬೇಕಾದದ್ದನ್ನು ಗಂಡನಿಂದ ಕಾಯಬೇಕಾಗಿತ್ತು ಅಂತ ಯಾರಿಗೆ ಗೊತ್ತಿತ್ತು? ಜವರಿ ಬಂದಾಗ ಯಾವ ಮುಖ ತೋರಿಸುವುದು ಅನ್ನುವುದೊಂದೇ ಈಗ ಅವಳ ತಲೆಯಲ್ಲಿತ್ತು.

ಜವರಿಯ ಪಕ್ಕದ ಮನೆಯ ಮಾರಿ ಕುಕ್ಕೆ ಇಳಿಸಿ ಹತ್ತಿರ ಬಂದು ಬಗ್ಗಿ ನೋಡಿದಳು. “ಕಾಲು ಮುರ್ದ ಕೋಳಿ ಉಳಿಯಕಿಲ್ಲ ಅವ್ವ. ಕೊಡಿ ಇತ್ಲಾಗೆ, ಸಂಜಿಗೆ ಸಾರಾಯ್ತದೆ. ಜವರಿಗೆ ನಾನೇ ಹೇಳ್ಕತೀನಿ.”

ಸರ್ವಮಂಗಳಮ್ಮ ಟವಲನ್ನು ಎದೆಗೆ ಒತ್ತಿಕೊಂಡಳು. “ಮುಟ್ಟಿದ್ರೆ ನೋಡು,” ಅಂದಳು. ಕೋಳಿಯ ವಿಷಯದಲ್ಲಿ ಆಳುಗಳನ್ನು ಅವಳು ಗದರಿದ್ದು ಅದೇ ಮೊದಲು.

ಅವಳು ಎದ್ದು ರಸ್ತೆ ದಾಟಿ ನೇರ ಪೂವಮ್ಮನ ಮನೆಗೆ ಹೋದಳು. ಕೋಳಿ, ಹಂದಿ, ನಾಯಿ, ಮೊಮ್ಮಕ್ಕಳು ಎಲ್ಲವನ್ನೂ ಒಂದೇ ದನಿಯಲ್ಲಿ ಗದರಿಸಿ ಸಾಕುವ ಹೆಂಗಸು ಪೂವಮ್ಮ. ಎಪ್ಪತ್ತು ದಾಟಿದ್ದರೂ ಮೆಣಸಿನ ಬಳ್ಳಿಗೆ ಏಣಿ ಇಡುವವರು. ಸರ್ವಮಂಗಳಮ್ಮ ಕಂಕುಳಲ್ಲಿ ಕೋಳಿ ಹಿಡಿದು ಗೇಟು ತೆಗೆದದ್ದನ್ನು ಕಂಡು ಕನ್ನಡಕ ಏರಿಸಿಕೊಂಡರು.

“ಇದೆಂಥ ಮಾರಾಯ್ತಿ, ಶಿವಪೂಜೆಯವರ ಕೈಯಲ್ಲಿ ಕೋಳಿ?”

“ಕಾಲು ಮುರಿದಿದೆ ಅಕ್ಕ. ಏನಾದ್ರೂ ಔಷಧಿ ಹೇಳಿ.”

“ಕಾಲು ಮುರಿದ ಕೋಳಿಗೆ ನಮ್ಮಲ್ಲಿ ಒಂದೇ ಔಷಧಿ ಇರೋದು. ಕಾಳುಮೆಣಸು.” ಅಷ್ಟು ಹೇಳಿ ಪೂವಮ್ಮ ಗೆಳತಿಯ ಮುಖ ನೋಡಿದರು. ಕಣ್ಣು ತುಂಬಿಕೊಂಡಿದ್ದವು. “ಅಳಬೇಡ, ಅಳಬೇಡ. ತಮಾಷೆಗೆ ಹೇಳಿದ್ದು. ಬಾ, ಕೂತ್ಕೊ. ಗಟ್ಟಿ ಹಿಡ್ಕೊ. ನೀನು ನಡುಗಿದ್ರೆ ಅದೂ ನಡುಗ್ತದೆ.”

ಪೂವಮ್ಮ ಮೊಮ್ಮಗನ ಪೆಟ್ಟಿಗೆಯಿಂದ ಎರಡು ಐಸ್‌ಕ್ರೀಮ್ ಕಡ್ಡಿ ತೆಗೆದರು. ಮುರಿದಲ್ಲಿ ಬೆರಳಾಡಿಸಿ, ಒಮ್ಮೆ ಉಸಿರು ಬಿಗಿಹಿಡಿದು, ಕಾಲನ್ನು ನೇರ ಎಳೆದರು. ಕೋಳಿ ಕೂಗಿತು, ಅದಕ್ಕಿಂತ ಜೋರಾಗಿ ಸರ್ವಮಂಗಳಮ್ಮ ಕೂಗಿದಳು. ತರಚಿದಲ್ಲಿ ಅರಿಸಿನ, ಸುತ್ತ ಹತ್ತಿ, ಎರಡು ಬದಿಗೆ ಕಡ್ಡಿ, ಮೇಲೆ ಹಳೇ ಸೀರೆಯ ಪಟ್ಟಿ. ಕಟ್ಟಿ ಮುಗಿಸಿ ಪೂವಮ್ಮ ಹೇಳಿದರು: “ಮೂರು ವಾರ ಓಡಾಡೋಕೆ ಬಿಡಬೇಡ. ದಿನಾ ಬೆರಳು ಮುಟ್ಟಿ ನೋಡು, ತಣ್ಣಗಿದ್ರೆ ಕಟ್ಟು ಸಡಿಲ ಮಾಡು. ಮತ್ತೆ, ಬರೀ ಅನ್ನ ಹಾಕಿದ್ರೆ ಎಲುಬು ಕೂಡೋದಿಲ್ಲ. ಹುಳ ಬೇಕು. ಗೆದ್ದಲು ಸಿಕ್ಕಿದ್ರೆ ಇನ್ನೂ ಒಳ್ಳೇದು.”

“ಹುಳಾನಾ?”

“ಮತ್ತೆ? ಅದಕ್ಕೂ ಲಿಂಗ ಕಟ್ಟಿಸಿದ್ಯಾ?”

ಕೋಳಿಯನ್ನು ಇಡುವುದೆಲ್ಲಿ ಅನ್ನುವುದು ಮುಂದಿನ ಜಗಳ. ಹೊರಗೆ ಇಟ್ಟರೆ ಮುಂಗುಸಿ, ನಾಯಿ. ಅಡಿಗೆಮನೆಯ ಹಿಂದಿನ ಉಗ್ರಾಣದಲ್ಲಿ, ಖಾಲಿ ಗೋಣಿಚೀಲಗಳ ಪಕ್ಕ, ಸರ್ವಮಂಗಳಮ್ಮ ಒಂದು ಹಣ್ಣಿನ ಕ್ರೇಟಿಗೆ ಹುಲ್ಲು ಹಾಸಿದಳು. ಜಯಪ್ಪ ಬಾಗಿಲಲ್ಲಿ ನಿಂತ. ಬೆಳಗಿನ ಪೂಜೆಯ ವಿಭೂತಿ ಹಣೆಯಲ್ಲಿ ಮೂರು ಗೆರೆಯಾಗಿ ಇನ್ನೂ ಇತ್ತು.

“ಮನೆ ಒಳಗೆ ಕೋಳೀನಾ?”

“ಉಗ್ರಾಣ ಇದು.”

“ಒಂದೇ ಸೂರಲ್ವಾ?”

“ಕಾಲು ಮುರಿಯೋವಾಗ ಸೂರು ನೆನಪಿತ್ತಾ?”

ಜಯಪ್ಪ ಹೆಗಲ ವಲ್ಲಿ ಕೊಡವಿಕೊಂಡು ಹೊರಟುಹೋದ. ಮದುವೆಯಾದ ಮೇಲೆ ಅವನು ಮಾತಿನಲ್ಲಿ ಸೋತದ್ದು ಕಡಮೆ, ಆ ವಾರ ದಿನಕ್ಕೆರಡು ಸಲ ಸೋತ.

ಮೊದಲ ಎರಡು ದಿನ ಕೋಳಿ ರಾಗಿ ನಾಲ್ಕು ಕಾಳು ಕುಟುಕಿತು. ಮೂರನೇ ದಿನ ಅದೂ ಇಲ್ಲ. ಕಣ್ಣಿನ ಮೇಲೆ ಬಿಳೀ ಪೊರೆ ಎಳೆದುಕೊಂಡು ತೂಕಡಿಸಿತು. “ಚಿನ್ನ, ತಿನ್ನೇ. ಒಂದು ಕಾಳು ತಿನ್ನೇ ಚಿನ್ನ,” ಅಂತ ಸರ್ವಮಂಗಳಮ್ಮ ಉಗ್ರಾಣದಲ್ಲಿ ಕೂತು ಗೋಗರೆಯುವುದು ಜಗಲಿಯವರೆಗೆ ಕೇಳುತ್ತಿತ್ತು. ಮೂವತ್ತಾರು ವರ್ಷ ಸಂಸಾರ ಮಾಡಿದ ತನ್ನನ್ನು ಒಂದು ದಿನವೂ ಚಿನ್ನ ಅಂದವಳಲ್ಲ ಇವಳು, ಅಂತ ಜಯಪ್ಪ ಪೇಪರಿನ ಹಿಂದೆ ಕೂತು ಯೋಚಿಸಿದ.

ನಾಲ್ಕನೇ ದಿನ ಬೆಳಿಗ್ಗೆ ಅವಳು ತೆಂಗಿನ ಚಿಪ್ಪು ಹಿಡಿದು ಹಿತ್ತಲಿಗೆ ಹೋದಳು. ಬೆಲ್ಲದ ಡಬ್ಬಕ್ಕೆ ಇರುವೆ ಬಂದರೆ ಒಂದೊಂದನ್ನೂ ಊದಿ ಹೊರಗೆ ಬಿಡುವ ಹೆಂಗಸು ಅವಳು. ನೀರು ಕಾಯಿಸುವ ಮೊದಲು, ಹುಳವಿದ್ದರೆ ಉದುರಲಿ ಅಂತ, ಸೌದೆಯನ್ನು ಎರಡು ಸಲ ನೆಲಕ್ಕೆ ಕುಟ್ಟುವವಳು. ಈಗ ಕೊಳೆತ ಸಿಲ್ವರ್ ಓಕ್ ದಿಮ್ಮಿಯ ಮೇಲೆ ಕಟ್ಟಿದ್ದ ಗೆದ್ದಲಿನ ಮಣ್ಣನ್ನು ಕತ್ತಿಯ ತುದಿಯಿಂದ ಎಬ್ಬಿಸಿದಳು. ಬೆಳ್ಳಗೆ ಹರಿದಾಡಿದವು. “ಶಿವಾ, ಒಸಿ ಕಣ್ಣು ಮುಚ್ಕೊಳಪ್ಪ,” ಅಂದುಕೊಂಡು ಚಿಪ್ಪಿಗೆ ಕೊಡವಿದಳು.

ಹಿಂದೆ ಗಂಡನ ಚಪ್ಪಲಿ ಸದ್ದಾಯಿತು.

“ಏನ್ ಮಾಡ್ತಿದೀಯ?”

“ಪಾಪ ಮಾಡ್ತಿದೀನಿ,” ಅಂದಳು ತಿರುಗದೆ. “ಅರ್ಧ ನಿಮ್ದು.”

ಚಿಪ್ಪನ್ನು ಮುಂದಿಟ್ಟದ್ದೇ ತಡ, ಕೋಳಿ ಕಣ್ಣು ಬಿಟ್ಟಿತು. ಒಂದು ಕುಟುಕಿತು. ನಿಂತು ಯೋಚಿಸಿತು. ಆಮೇಲೆ ಟಕಟಕನೆ ಚಿಪ್ಪಿನ ತಳ ಕಾಣುವವರೆಗೆ ತಿಂದು, ಕೊಕ್ಕನ್ನು ಅವಳ ಸೀರೆಗೇ ಒರೆಸಿಕೊಂಡಿತು. ಸರ್ವಮಂಗಳಮ್ಮನಿಗೆ ಆದ ಸಂತೋಷ ಹೇಳತೀರದು. ಪಾಪದ ಲೆಕ್ಕ ಆಮೇಲೆ ನೋಡಿಕೊಂಡರಾಯಿತು ಅನ್ನಿಸಿತು.

ಮರುದಿನ ಬೆಳಿಗ್ಗೆ ಅವಳು ಕತ್ತಿ ಹಿಡಿದು ಹೊರಟಾಗ ಉಗ್ರಾಣದ ಹೊಸ್ತಿಲ ಪಕ್ಕ ಒಂದು ಚಿಪ್ಪು ಇತ್ತು. ತುಂಬ ಗೆದ್ದಲು. ಹೊರಗೆ ಹರಿದು ಬರದಂತೆ ಮೇಲೆ ಒಂದು ಹಲಸಿನ ಎಲೆ ಮುಚ್ಚಿತ್ತು. ಜಯಪ್ಪ ಜಗಲಿಯಲ್ಲಿ ಕೂತು ಗಂಭೀರವಾಗಿ ಕಾಫಿ ಕುಡಿಯುತ್ತಿದ್ದ. ಪಂಚೆಯ ಅಂಚಿಗೆ ಕೆಂಪು ಮಣ್ಣು ಮೆತ್ತಿತ್ತು. ಅಂದಿನಿಂದ ಚಿಪ್ಪು ದಿನಾ ಬಂತು.

ಮೂರು ವಾರ ಕಳೆದು ಪೂವಮ್ಮ ಬಂದು ಕಟ್ಟು ಬಿಚ್ಚಿದರು. ಕಾಲು ತೆಳ್ಳಗಾಗಿತ್ತು, ಮುರಿದಲ್ಲಿ ಒಂದು ಗಂಟು ಕೂತಿತ್ತು. ಕೋಳಿಯನ್ನು ಹಿತ್ತಲ ಅಂಗಳಕ್ಕೆ ಬಿಟ್ಟರು. ಅದು ನಿಂತಿತು, ಎಡಕ್ಕೆ ವಾಲಿತು, ಕುಸಿದು ಕೂತಿತು. ಸರ್ವಮಂಗಳಮ್ಮ ಮುಂದೆ ಹೋಗಲು ಹೊರಟಾಗ ಪೂವಮ್ಮ ರಟ್ಟೆ ಹಿಡಿದು ನಿಲ್ಲಿಸಿದರು. “ಬಿಡು. ಅದರ ಕಾಲು ಅದಕ್ಕೇ ಗೊತ್ತಾಗಬೇಕು.” ಮತ್ತೆ ಎದ್ದಿತು. ಒಂದು ಹೆಜ್ಜೆ, ಎರಡು, ಮೂರು. ನಾಲ್ಕನೆಯದಕ್ಕೆ ಒಂದು ಹುಳ ಕಂಡು ಕಾಲಿನ ನೋವನ್ನೇ ಮರೆತು ಓಡಿತು. ಓಡುವಾಗ ಸ್ವಲ್ಪ ಕುಂಟುತ್ತಿತ್ತು, ನಿಜ. ಆದರೆ ಓಡುತ್ತಿತ್ತು. ಸರ್ವಮಂಗಳಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಜವರಿಗೆ ಇನ್ನು ಮುಖ ತೋರಿಸಬಹುದು ಅಂದುಕೊಂಡಳು.

ಜವರಿಯ ಮಗಳಿಗೆ ಹೆರಿಗೆಯಾಗಿ ಬಾಣಂತನ ಇನ್ನೂ ನಡೆದಿತ್ತು. ಕೋಳಿ ಹಗಲು ಹಿತ್ತಲಲ್ಲಿ ಓಡಾಡುವುದು, ಸಂಜೆ ತಾನಾಗಿ ಉಗ್ರಾಣ ಸೇರುವುದು ರೂಢಿಯಾಯಿತು. ಸರ್ವಮಂಗಳಮ್ಮ ಪಾತ್ರೆ ತೊಳೆಯುವಾಗ ಕಾಲ ಬಳಿ ಕೂರುತ್ತಿತ್ತು. ಅವಳು ಹೇಳಿದ್ದಕ್ಕೆಲ್ಲ ಕತ್ತು ಓರೆ ಮಾಡಿ ಕೇಳುತ್ತಿತ್ತು. ಅವಳ ಮಾತನ್ನು ಮುಗಿಯುವ ತನಕ ಕೇಳಿದವರು ಆ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ ಅನ್ನುವುದನ್ನೂ ಹೇಳಿಬಿಡಬೇಕು. ‘ಜವರಿ ಬಂದ ಮೇಲೆ’ ಅನ್ನುವ ಮಾತು ಬಂದಾಗಲೆಲ್ಲ ಅವಳು ಬೇರೆ ವಿಷಯಕ್ಕೆ ಹೊರಳುತ್ತಿದ್ದಳು. ಕೊಡಬೇಕು ಅನ್ನುವುದು ಗೊತ್ತಿತ್ತು. ಕೊಡುವುದಕ್ಕೆ ಮನಸ್ಸಿರಲಿಲ್ಲ.

ಕ್ರೇಟು ತೆಗೆದು ಉಗ್ರಾಣದ ಮೂಲೆಯ ನೆಲಕ್ಕೆ ಹಾಸಿದ್ದ ಹುಲ್ಲಿನಲ್ಲಿ ಒಂದು ದಿನ ಮೊಟ್ಟೆ ಕಂಡಿತು. ಅವಳು ಅದರ ಮೇಲೆ ತಟ್ಟೆ ಮುಚ್ಚಿ ಬಾಗಿಲು ಎಳೆದುಕೊಂಡು ಬಂದಳು. ಎಸೆಯುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಕಡೆಗೆ ಸೆರಗಿನಲ್ಲಿ ಮುಚ್ಚಿಕೊಂಡು ಪೂವಮ್ಮನ ಮನೆಗೆ ದಾಟಿಸಿದಳು. ದಿನಾ ಇದೇ ಕೆಲಸವಾಯಿತು. ಆದರೆ ಮೊಟ್ಟೆಯಿಟ್ಟ ಕೋಳಿ ಊರಿಗೆಲ್ಲ ಡಂಗುರ ಸಾರುತ್ತದೆ ಅನ್ನುವುದು ಕೋಳಿ ಸಾಕದ ಮನೆಯವರಿಗೆ ಹೇಗೆ ಗೊತ್ತಾಗಬೇಕು?

ಮಾರ್ಚ್ ತಿಂಗಳ ಒಂದು ಸೋಮವಾರ ಶನಿವಾರಸಂತೆ ಊರಿನ ನೆಂಟರು ಲಗ್ನಪತ್ರಿಕೆ ಕೊಡಲು ಬಂದರು. ಹಿರಿಯರೊಬ್ಬರು, ಅವರ ಹೆಂಡತಿ, ಸೊಸೆ. ಜಗಲಿಯಲ್ಲಿ ಕೂತು ಮಠದ ವಿಷಯ, ಮದುವೆಯ ವಿಷಯ ಮಾತಾಡುತ್ತಿದ್ದರು. ಸರ್ವಮಂಗಳಮ್ಮ ಕಾಫಿ ಲೋಟ ಇಡುತ್ತಿದ್ದ ಹೊತ್ತಿಗೆ ಒಳಗಿನಿಂದ ಬಂತು: ಕೊಕ್ಕೊಕ್ಕೊಕ್ಕೋ, ಕೊಕ್ಕೋ. ಒಂದು ಸಲವಲ್ಲ, ಹತ್ತು ಸಲ.

ಹಿರಿಯರ ಕೈ ಲೋಟದ ಮೇಲೇ ನಿಂತಿತು. “ಏನದು ಜಯಪ್ಪ?”

“ಕೋಳಿ,” ಅಂದ ಜಯಪ್ಪ.

“ಪಕ್ಕದ ಮನೇದಾ?”

ತಪ್ಪಿಸಿಕೊಳ್ಳಲು ಬಾಗಿಲು ತೆರೆದುಕೊಟ್ಟ ಹಾಗಿತ್ತು. ಆದರೆ ಜಯಪ್ಪ ತನ್ನ ಕಾಫಿ ಇನ್ನೂ ಸ್ವಲ್ಪ ಹಸಿ ಇದೆ ಅಂತ ಕೊಳ್ಳುವವನಿಗೆ ತಾನೇ ಹೇಳುವ ಜಾತಿಯ ಮನುಷ್ಯ. ಸುಳ್ಳು ಅವನ ನಾಲಿಗೆಗೆ ಹೊರಳುವುದಿಲ್ಲ.

“ಅಲ್ಲ. ನಮ್ ಉಗ್ರಾಣದಲ್ಲಿರೋದು. ಆಳಿನ ಕೋಳಿ. ಕಾಲು ಮುರಿದಿತ್ತು.”

“ಓಹೋ,” ಅಂದರು ಹಿರಿಯರು. ಅವರ ಹೆಂಡತಿ ಸೊಸೆಯ ಮುಖ ನೋಡಿದರು. ಕಾಫಿ ಅರ್ಧರ್ಧ ಉಳಿಯಿತು. ಇನ್ನೂ ನಾಲ್ಕು ಮನೆಗೆ ಹೋಗುವುದಿದೆ ಅಂತ ಎದ್ದರು.

ಕಾರು ಗೇಟು ದಾಟಿದ ಮೇಲೆ ಜಯಪ್ಪ ಹೆಂಡತಿಯ ಕಡೆ ತಿರುಗಿದ. ಕಿವಿ ಕೆಂಪಾಗಿತ್ತು. ಅವನು ಕೂಗಾಡಲಿಲ್ಲ. “ಸಾಕು,” ಅಂದ, ಒಂದೇ ಮಾತು. ವಲ್ಲಿ ಹೆಗಲಿಗೆ ಹಾಕಿಕೊಂಡು ತೋಟಕ್ಕೆ ಇಳಿದುಹೋದ.

ಕಣದಲ್ಲಿ ಮೆಣಸು ಒಣಹಾಕುತ್ತಿದ್ದ ಮಾರಿ ಎಲ್ಲವನ್ನೂ ದೂರದಿಂದ ನೋಡಿದ್ದಳು. ಕೇಳಿಸಿರಲಿಲ್ಲ. ಕೇಳಿಸದ ಮಾತು ಅವಳಿಗೆ ಹಲ್ಲಿನ ಸಂದಿಯ ನಾರಿನ ಹಾಗೆ. ಪೊರಕೆ ಹಿಡಿದು ಜಗಲಿಯ ತನಕ ಬಂದಳು.

“ಅಯ್ಯ ಏನೋ ಅಂದಂಗಾಯ್ತು, ಅವ್ವ?”

ಗಂಡ ಗದರಿದ್ದನ್ನು ಕೆಲಸದವರ ಮುಂದೆ ಹೇಳಿಕೊಳ್ಳುವ ಪೈಕಿಯಲ್ಲ ಸರ್ವಮಂಗಳಮ್ಮ. ಲೋಟಗಳನ್ನು ಜೋಡಿಸುತ್ತಾ, ದನಿಯಲ್ಲಿ ಏನೂ ತೋರಿಸದೆ, “ಏನಿಲ್ಲ. ಕೋಳಿ ವಿಷ್ಯ. ಸಾಕು ಅಂದ್ರು,” ಅಂದಳು.

“ಸಾಕು ಅಂದ್ರಾ?” ಮಾರಿಯ ಕಣ್ಣು ಅಗಲವಾದವು. “ಅಯ್ಯಾರೇ? ಈ ಮನೇಲಿ ಕೋಳಿ ಸಾಕು ಅಂದ್ರಾ?”

ಮಾರಿ ಹೇಗೆ ಕೇಳಿಸಿಕೊಂಡಳು ಅನ್ನುವುದು ಸರ್ವಮಂಗಳಮ್ಮನಿಗೆ ಆಗ ಹೊಳೆಯಿತು. ಗಂಡ ಹೇಳಿದ್ದು ಇನ್ನು ಸಾಕು, ಮುಗಿಸು ಅಂತ. ಇವಳ ಕಿವಿಗೆ ಬಿದ್ದದ್ದು ಸಾಕಿಕೋ ಅಂತ. ಅಕ್ಷರ ಅದೇ ಎರಡು; ರಾಗ ಒಂದನ್ನು ಬಿಟ್ಟು ತಾನೇ ಎಲ್ಲವನ್ನೂ ಹೇಳಿದ್ದಳು. ತಿದ್ದುವುದಕ್ಕೆ ಒಂದು ಗಳಿಗೆ ಬೇಕಿರಲಿಲ್ಲ. ತಿದ್ದುವ ಬದಲು “ಮೆಣಸು ನೋಡ್ಹೋಗು, ದನ ಬಂದೀತು,” ಅಂದಳು.

ಎರಡು ದಿನ ಬಿಟ್ಟು ಮಾರಿಯೇ ಸುದ್ದಿ ತಂದಳು. “ಜವರಿಗೆ ಪೋನಲ್ಲಿ ಎಲ್ಲ ಹೇಳ್ದೆ ಅವ್ವ, ಕಾಲು ಮುರ್ದದ್ದೂ. ನಿನ್ ಕೋಳಿನ ಅಯ್ಯಾರು ತಾವೇ ಸಾಕ್ಕತಾರಂತೆ ಅಂತ.”

“ಏನಂದ್ಲು?”

“ಏನೂ ಅನ್ಲಿಲ್ಲ. ಅಯ್ಯ ಅಂದ್ಮ್ಯಾಕೆ ಆಯ್ತಲ್ಲ ಅಂದ್ಲು.”

ಆಯ್ತಲ್ಲ. ಸರ್ವಮಂಗಳಮ್ಮ ಅವತ್ತು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಒಂದು ಕೋಳಿಯ ಕಾಲು ಮುರಿದದ್ದಕ್ಕೆ ಗಂಡನನ್ನು ಎಷ್ಟು ಅಂದಿದ್ದಳು. ತಾನು ಮಾಡಿದ್ದೇನು? ಇಪ್ಪತ್ತೆರಡು ವರ್ಷ ಏನನ್ನೂ ಕೇಳದವಳ ಹತ್ತಿರ ಇದ್ದ ಒಂದು ಕೋಳಿಯನ್ನು, ಕೇಳದೆಯೇ ಕಿತ್ತುಕೊಂಡದ್ದು. ಅಯ್ಯ ಬೇಕು ಅಂದರೆ ಜವರಿ ಇಲ್ಲ ಅನ್ನುವುದು ಹೇಗೆ? ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಆಡದೆ ಇದ್ದರೂ ಹೋಗುತ್ತದೆ ಅನ್ನುವುದು ಅವಳಿಗೆ ಈಗ ಗೊತ್ತಾಯಿತು.

ಅದೇ ವಾರ ಕೋಳಿ ಕಾಯಿಲೆ ಬಿತ್ತು. ಹುಲ್ಲು ಬಿಟ್ಟು ಏಳಲಿಲ್ಲ. ಗೆದ್ದಲಿನ ಚಿಪ್ಪು ಮುಂದಿಟ್ಟರೂ ತಿರುಗಿ ನೋಡಲಿಲ್ಲ. ಮೈ ಊದಿಸಿಕೊಂಡು, ಹತ್ತಿರ ಹೋದರೆ ಗುರ್ ಅನ್ನುತ್ತಿತ್ತು. ಎದೆಯ ಗರಿ ಉದುರಿ ಹುಲ್ಲಿನ ತುಂಬ ಬಿದ್ದಿತ್ತು. ಮೈ ಮೊದಲಿಗಿಂತಲೂ ಬಿಸಿ. ಪೂವಮ್ಮ ತಂಗಿಯ ಮಗಳ ಮದುವೆಗೆಂದು ಶ್ರೀಮಂಗಲಕ್ಕೆ ಹೋಗಿದ್ದರು, ಫೋನು ತೆಗೆಯಲಿಲ್ಲ. ‘ಸಾಕು’ ಅಂದ ದಿನದಿಂದ ಉಗ್ರಾಣದತ್ತ ತಲೆಹಾಕದ ಜಯಪ್ಪನೂ ಎರಡನೇ ದಿನ ಒಳಗೆ ಬಂದು ಕುಕ್ಕುರುಗಾಲಲ್ಲಿ ಕೂತ.

“ಜ್ವರ ಇರ್ಬೇಕು,” ಅಂದ. “ಕ್ರೋಸಿನ್ ಅರ್ಧ ಮಾಡಿ ಕೊಟ್ರೆ ಹೆಂಗೆ?”

ಪರರ ಸೊತ್ತಿಗೆ ಆಸೆಪಟ್ಟದ್ದಕ್ಕೆ ಶಿವ ಕೊಟ್ಟ ಶಿಕ್ಷೆ ಇದು ಅಂತ ಸರ್ವಮಂಗಳಮ್ಮನ ಮನಸ್ಸಿಗೆ ಖಚಿತವಾಗಿತ್ತು. ಶಿಕ್ಷೆಯನ್ನು ತನಗೆ ಕೊಡಬಾರದಿತ್ತೆ, ಆ ಮೂಕಪ್ರಾಣಿಗೆ ಯಾಕೆ?

ಮೂರನೇ ದಿನ ಬೆಳಿಗ್ಗೆ ಜವರಿ ಬಂದಳು. ಬಂದವಳು ಮನೆಯ ಕಡೆ ಬರಲಿಲ್ಲ. ನೇರ ಕಣಕ್ಕೆ ಹೋಗಿ ಗೋರುಮಣೆ ತೆಗೆದುಕೊಂಡು ಮೆಣಸು ಎಳೆಯತೊಡಗಿದಳು, ನಿನ್ನೆ ಸಂಜೆಯಷ್ಟೇ ಬಿಟ್ಟು ಹೋದವಳ ಹಾಗೆ. ಸರ್ವಮಂಗಳಮ್ಮ ಅಡಿಗೆಮನೆಯ ಕಿಟಕಿಯಿಂದ ನೋಡಿದಳು. ಈಗ ಕೇಳುತ್ತಾಳೆ, ಈಗ ಬರುತ್ತಾಳೆ ಅಂತ ಕಾದಳು. ಒಂದು ಸಾಲು ಎಳೆದು ಮುಗಿಸಿ ಎರಡನೇ ಸಾಲಿಗೆ ತಿರುಗಿದಳು ಜವರಿ. ಉಗ್ರಾಣದ ಕಡೆಗೆ ಒಂದು ಸಲವೂ ಕಣ್ಣು ಹಾಯಿಸಲಿಲ್ಲ. ನೋಡದೆ ಇರುವುದಕ್ಕೆ ಎಷ್ಟು ಕಷ್ಟಪಡುತ್ತಿದ್ದಾಳೆ ಅನ್ನುವುದು ಅವಳ ಬಿಗಿದ ಬೆನ್ನಿನಿಂದಲೇ ಗೊತ್ತಾಗುತ್ತಿತ್ತು.

ಸರ್ವಮಂಗಳಮ್ಮ ಒಲೆ ಆರಿಸಿ ಕಣಕ್ಕೆ ನಡೆದಳು. ಆಚೆ ತುದಿಯಲ್ಲಿ ಜಯಪ್ಪ ಟಾರ್ಪಾಲು ಮಡಿಸುತ್ತಿದ್ದ. ಅವನಿಗೂ ಕೇಳಲಿ ಅಂದುಕೊಂಡಳು.

“ಮಗು ಹೇಗಿದೆ ಜವರಿ?”

“ಚೆಂದಾಗದೆ. ಹೆಣ್ಣು.”

“ಚಿನ್ನ…”

“ಇರ್ಲಿ ಬುಡಿ ಅವ್ವ. ಅಯ್ಯನೇ ಸಾಕು ಅಂದ್ರಂತಲ್ಲ.” ಗೋರುಮಣೆ ನಿಲ್ಲಲಿಲ್ಲ.

“ಅವರು ಹಾಗೆ ಅನ್ಲಿಲ್ಲ. ಅವರು ಅಂದದ್ದು ಸಾಕು ಅಂತ ಅಲ್ಲ, ಸಾಕು ಅಂತ.” ತನ್ನ ಮಾತು ತನಗೇ ಕೇಳಿ ಸರ್ವಮಂಗಳಮ್ಮ ತಡವರಿಸಿದಳು. “ಸಾಕಾಗಿಹೋಯ್ತು, ಇನ್ನು ಬೇಡ ಅಂತ ಬೈದ್ರು. ಮಾರಿ ತಪ್ಪು ತಿಳ್ಕೊಂಡ್ಲು. ನಂಗೆ ಗೊತ್ತಾಯ್ತು. ಗೊತ್ತಾಗಿಯೂ ಸುಮ್ನಿದ್ದೆ.”

ಜವರಿ ನಿಂತಳು. “ಯಾಕೆ?”

“ಕೊಡೋಕೆ ಮನಸ್ಸು ಬರ್ಲಿಲ್ಲ ಜವರಿ. ಅದಕ್ಕೆ.”

ಜವರಿ ಗೋರುಮಣೆಯ ಹಿಡಿಗೆ ಎರಡೂ ಕೈ ಊರಿ ನೆಲ ನೋಡುತ್ತಾ ಮಾತಾಡಿದಳು. “ಆರು ದಿನದಿಂದ ಸಿಟ್ಟು ತಡೆಯಕಾಗಿಲ್ಲ ನಂಗೆ. ಕಾಲೂ ಮುರ್ದು ಕೋಳೀನೂ ಇಸ್ಕಂಡ್ರಲ್ಲ ಅಂತ. ಮೊಮ್ಮಗೀನ ಎತ್ಕಂಡ್ರೂ ಅದೇ ಯೋಚ್ನೆ. ಬ್ಯಾರೆ ತೋಟಕ್ಕೆ ಹೊಂಟೋಗದು ಅಂದ್ಕಂಡಿದ್ದೆ.” ಆಮೇಲೆ ತಲೆಯೆತ್ತಿದಳು. “ಎಲ್ಲವ್ಳೆ?”

ಸರ್ವಮಂಗಳಮ್ಮನ ಅಳು ಕಟ್ಟೆಯೊಡೆಯಿತು. “ಸಾಯ್ತಾ ಇದೆ ಕಣೇ. ಮೂರು ದಿನದಿಂದ ಏನೂ ತಿಂದಿಲ್ಲ.”

ಜವರಿ ಗೋರುಮಣೆ ಬಿಸುಟು ಓಡಿದಳು. ಹಿತ್ತಲು ದಾಟಿ, ಚಪ್ಪಲಿ ಕಳಚಿ, ಉಗ್ರಾಣದ ಹೊಸ್ತಿಲು ದಾಟಿ ಒಳಗೆ ಹೋಗಿ ಕೂತಳು. ಹಿಂದೆಯೇ ಸರ್ವಮಂಗಳಮ್ಮ, ಅವಳ ಹಿಂದೆ ಜಯಪ್ಪ. ಜವರಿ ಕೈ ಚಾಚಿದಳು. ಕೋಳಿ ಗುರ್ ಅಂತ ಮೈಯ ಗರಿಯನ್ನೆಲ್ಲ ನಿಮಿರಿಸಿತು. ಜವರಿ ಅಂಜಲಿಲ್ಲ, ಮೆಲ್ಲಗೆ ಹೊಟ್ಟೆಯಡಿಗೆ ಕೈ ತೂರಿಸಿದಳು. ಅವಳ ಮುಖ ಬದಲಾಯಿತು. ಕೈ ಹೊರಗೆ ಬಂದಾಗ ಅದರಲ್ಲಿ ಒಂದು ಹೇರಳೆಕಾಯಿ ಇತ್ತು. ಉಪ್ಪಿನಕಾಯಿಗೆಂದು ಅದೇ ಮೂಲೆಯಲ್ಲಿ ಇಟ್ಟಿದ್ದ ಹೇರಳೆಕಾಯಿಗಳಲ್ಲಿ ಒಂದು. ಮತ್ತೆ ಕೈ ಹಾಕಿದಳು. ಇನ್ನೊಂದು.

“ಸಾಯದೆಲ್ಲಿ ಬಂತು ಅವ್ವ,” ಅಂದಳು ಜವರಿ. ನಗು ತಡೆಯಲಾಗದೆ ಗೋಣಿಚೀಲಕ್ಕೆ ಒರಗಿದಳು. “ಕಾವಿಗೆ ಕುಂತವ್ಳೆ. ಮೊಟ್ಟೆ ಎಲ್ಲಾ ಎತ್ಕಂಡು ಹೋದ್ರೆ ಏನ್ಮಾಡ್ತಾಳೆ ಪಾಪ, ಹೇರಳೆಕಾಯಿಗೆ ಕಾವು ಕೊಡ್ತಾವ್ಳೆ.”

“ಜ್ವರ ಅಲ್ವಾ?” ಅಂದ ಜಯಪ್ಪ.

“ತಾಯಾಗೋ ಆಸೆ ಅಯ್ಯ.”

ಸರ್ವಮಂಗಳಮ್ಮ ಕಣ್ಣಲ್ಲಿ ನೀರು ಇಟ್ಟುಕೊಂಡೇ ನಕ್ಕಳು. ಜವರಿ ಕೋಳಿಯ ಎಡಗಾಲನ್ನು ಬೆರಳಿಂದ ಸವರಿ, ಗಂಟು ಕೂತ ಜಾಗವನ್ನು ಮುಟ್ಟಿ ಮುಟ್ಟಿ ನೋಡಿದಳು. “ಚೆನ್ನಾಗಿ ಕೂಡದೆ,” ಅಂದಳು. ಅಷ್ಟೇ ಅಂದದ್ದು. ಸರ್ವಮಂಗಳಮ್ಮನಿಗೆ ಅಷ್ಟು ಕೇಳಿ ಎದೆ ಹಗುರವಾಯಿತು.

“ತಗೊಂಡು ಹೋಗು ಜವರಿ, ನಿನ್ನ ಕೋಳಿ,” ಅಂದಳು. ಈ ಸಲ ಮಾತು ತಡೆಯಲಿಲ್ಲ.

“ಈಗ ಎಬ್ಸಿದ್ರೆ ಕಾವು ಮುರೀತದೆ ಅವ್ವ. ಕುಂತ ಜಾಗ ಬದಲಾಯ್ಸಬಾರ್ದು. ಇಪ್ಪತ್ತೊಂದು ದಿನ ಇಲ್ಲೇ ಇರ್ಲಿ. ತಾಳಿ, ಮಾರಿ ಮನೇಲಿ ಮೊಟ್ಟೆ ಇರ್ತವೆ, ಇಸ್ಕಂಬತ್ತೀನಿ.”

ಅವಳು ಒಂದು ಸಣ್ಣ ಬುಟ್ಟಿಯಲ್ಲಿ ಏಳು ಮೊಟ್ಟೆ ತಂದಳು. ಕಾವಿಗೆ ಮೊಟ್ಟೆ ಇಡುವುದು ಯಾವಾಗಲೂ ಬೆಸ ಸಂಖ್ಯೆಯಲ್ಲಿ. ಜೋಡಿಯಿಲ್ಲದೆ ಉಳಿದ ಒಂದು ಮೊಟ್ಟೆ ತನ್ನ ಜೋಡಿಯಾಗಿ ಮರಿಯನ್ನು ಕರೆತರುತ್ತದೆ ಅಂತ ಲೈನಿನವರ ನಂಬಿಕೆ. ಉಗ್ರಾಣ ಮಬ್ಬಾಗಿತ್ತು. ಜಯಪ್ಪ ಮೊಬೈಲಿನ ಟಾರ್ಚು ಹಾಕಿ, ಕೋಳಿಯ ಕಣ್ಣಿಗೆ ಬೆಳಕು ಬೀಳದ ಹಾಗೆ ಅಂಗೈ ಅಡ್ಡ ಹಿಡಿದ. ಜವರಿ ಒಂದೊಂದೇ ಮೊಟ್ಟೆಯನ್ನು ಹೊಟ್ಟೆಯಡಿಗೆ ಸರಿಸಿದಳು. ಒಂದು, ಎರಡು, ಮೂರು.

“ಜವರಿ,” ಅಂದ ಜಯಪ್ಪ.

“ಅಯ್ಯಾ.”

“ಅವತ್ತು ನಾನು ಸಾಕು ಅಂದದ್ದು ಬೇಡ ಅಂತಲೇ. ಸುಳ್ಳು ಹೇಳಲ್ಲ.”

“ಅವ್ವ ಹೇಳಿದ್ರಲ್ಲ.”

“ಹೂಂ.” ಅವನು ಹೆಂಡತಿಯ ಕಡೆ ನೋಡಲಿಲ್ಲ. “ಈಗ ನಿನ್ನ ಕೇಳ್ತಾ ಇದೀನಿ. ಮರಿ ಆದ್ಮೇಲೆ ಒಂದು ನಮಗೆ ಕೊಡ್ತೀಯಾ? ಸಾಕೋದಕ್ಕೆ.”

ಸರ್ವಮಂಗಳಮ್ಮ ಗಂಡನ ಕಡೆಗೆ ತಿರುಗಿದಳು. ಜವರಿ ನಾಲ್ಕನೆಯದನ್ನು ಇಟ್ಟಳು, ಐದನೆಯದನ್ನು, ಆರನೆಯದನ್ನು. ಏಳನೆಯದನ್ನು ಕೈಯಲ್ಲೇ ಹಿಡಿದು ಒಂದು ಗಳಿಗೆ ಯೋಚಿಸಿ, ಜಯಪ್ಪನ ಮುಂದೆ ಚಾಚಿದಳು.

“ಹಂಗಾದ್ರೆ ಇದ ನೀವೇ ಇಕ್ಕಿ ಅಯ್ಯ.”

ಜಯಪ್ಪ ಮೊಬೈಲನ್ನು ಹೆಂಡತಿಗೆ ಕೊಟ್ಟ. ಬಲಗೈಯನ್ನು ಪಂಚೆಗೆ ಎರಡು ಸಲ ಒರೆಸಿಕೊಂಡು, ಆ ಮೊಟ್ಟೆಯನ್ನು ಮೂರು ಬೆರಳಲ್ಲಿ ತೆಗೆದುಕೊಂಡು ಹುಲ್ಲಿನ ಅಂಚಿಗೆ ಇಟ್ಟ. ಕೋಳಿ ಅವನ ಕೈಯನ್ನೊಮ್ಮೆ, ಮೊಟ್ಟೆಯನ್ನೊಮ್ಮೆ ನೋಡಿತು. ಆಮೇಲೆ ಕತ್ತು ಚಾಚಿ, ಕೊಕ್ಕನ್ನು ಮೊಟ್ಟೆಯ ಆಚೆ ಬದಿಗೆ ಕೊಟ್ಟು, ಮೆಲ್ಲಗೆ ಉರುಳಿಸಿ ತನ್ನ ಕಡೆ ಎಳೆದುಕೊಂಡು ಅದರ ಮೇಲೆ ಕೂತಿತು.